ಕೊರಳಿಗೇರಿದ ರೋಮನ್ ನಾಣ್ಯ: ಒಂದು ತೂತು ಏನೆಲ್ಲ ಹೇಳುತ್ತದೆ

ನಮ್ಮ ಕಡೆ ವಿಲ್ ಬರೆಯುವಾಗ ಒಂದು ಮಾತು ಆಗಾಗ ಬರುತ್ತದೆ. "ನಾನು ಹೋದ ಮೇಲೆ, ನನ್ನ ಹೆಂಡತಿ ಇರುವ ತನಕ ತೋಟದ ಫಸಲು ಅವಳಿಗೆ. ಅವಳ ನಂತರ ತೋಟ ಮಕ್ಕಳಿಗೆ." ಆಕೆ ಅಡಿಕೆ ಕೊಯ್ಯಿಸಬಹುದು, ತೆಂಗಿನಕಾಯಿ ಮಾರಬಹುದು. ತೋಟವನ್ನೇ ಮಾರುವ ಹಾಗಿಲ್ಲ.

ರೋಮನ್ನರ ಕಾನೂನಿನಲ್ಲೂ ಇಂಥದ್ದೇ ಏರ್ಪಾಡು ಇತ್ತು. ಮನೆ, ಹೊಲ, ದನಕರು ಎಲ್ಲದಕ್ಕೂ ಅದು ಸಲೀಸಾಗಿ ನಡೆಯುತ್ತಿತ್ತು. ದುಡ್ಡಿನ ವಿಷಯಕ್ಕೆ ಬಂದಾಗ ಮಾತ್ರ ತೊಡಕು. ದುಡ್ಡನ್ನು ಬಳಸುವುದು ಅಂದರೆ ಖರ್ಚು ಮಾಡುವುದು. ಖರ್ಚಾಗಿ ಹೋದ ಮೇಲೆ ಮಕ್ಕಳಿಗೆ ಉಳಿಯುವುದೇನು? ಕ್ರಿ.ಶ. 2ನೇ ಶತಮಾನದಲ್ಲಿ ಪಾಂಪೋನಿಯಸ್ ಎಂಬ ಕಾನೂನು ಪಂಡಿತ ಇದನ್ನು ಯೋಚಿಸಿ ಒಂದು ಸಾಲು ಬರೆದ. ಹಳೆಯ ಚಿನ್ನದ, ಬೆಳ್ಳಿಯ ನಾಣ್ಯಗಳನ್ನು ಜನ ರತ್ನದ ಹಾಗೆ ಬಳಸುತ್ತಾರೆ, ಅಂಥವನ್ನು ತೋಟದ ಫಸಲಿನ ಹಾಗೆಯೇ ಅನುಭೋಗಕ್ಕೆ ಬರೆದುಕೊಡಬಹುದು ಅಂತ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹಳೆಯ ಕಾನೂನು ಮಾತುಗಳನ್ನೆಲ್ಲ ಒಟ್ಟು ಮಾಡಿಸಿದ. ಅದರಲ್ಲಿ ಈ ಸಾಲೂ ಸೇರಿತು. ಹಾಗಾಗಿ ಅದು ನಮ್ಮ ತನಕ ಬಂದಿದೆ.

ಈ ಸಾಲು ನನಗೆ ತುಂಬಾ ಇಷ್ಟ. ನಾಣ್ಯವನ್ನು ಒಡವೆ ಮಾಡಿಕೊಳ್ಳುವುದು ಆಗಲೇ ಕಾನೂನಿನಲ್ಲಿ ಮಾತಾಡುವಷ್ಟು ರೂಢಿಯಾಗಿತ್ತು ಅಂತ ಇದರಿಂದ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಒಂದು ಪ್ರಶ್ನೆ ಇದೆ. ಒಂದು ನಾಣ್ಯ ಯಾವ ಗಳಿಗೆಯಲ್ಲಿ ನಾಣ್ಯವಾಗಿರುವುದನ್ನು ಬಿಟ್ಟು ಒಡವೆಯಾಗುತ್ತದೆ? ಉತ್ತರ ಬಹಳ ಸಲ ನಾಣ್ಯದ ಮೈಮೇಲೆಯೇ ಇರುತ್ತದೆ. ಅದನ್ನು ಓದುವುದು ಹೇಗೆ ಅಂತ ನೋಡೋಣ.

ಮೊದಲು ನಾಣ್ಯದ ಬೆಲೆ ಎಷ್ಟಿತ್ತು ಅಂತ ತಿಳಿಯಬೇಕು. ರೋಮನ್ನರ ಚಿನ್ನದ ನಾಣ್ಯಕ್ಕೆ ಆರಿಯಸ್ ಅಂತ ಹೆಸರು. ಬೆಳ್ಳಿಯದಕ್ಕೆ ದಿನಾರಿಯಸ್. 25 ದಿನಾರಿಯಸ್ ಸೇರಿದರೆ ಒಂದು ಆರಿಯಸ್. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ರೋಮನ್ ಸೈನಿಕನೊಬ್ಬನ ವರ್ಷದ ಸಂಬಳ 225 ದಿನಾರಿಯಸ್, ಅಂದರೆ ಬರೀ 9 ಆರಿಯಸ್. ಒಂದೇ ಒಂದು ನಾಣ್ಯ ಕೊರಳಲ್ಲಿದ್ದರೂ ಅದು ಸೈನಿಕನ 40 ದಿನಗಳ ದುಡಿಮೆ. ಸಂತೆಗೆ ಹೋಗಿ ಸೊಪ್ಪು ತರಲು ಯಾರೂ ಆರಿಯಸ್ ಒಯ್ಯುತ್ತಿರಲಿಲ್ಲ. ಅದು ಪೆಟ್ಟಿಗೆಯಲ್ಲಿ ಕೂಡಿಡುವ ದುಡ್ಡು. ಪೆಟ್ಟಿಗೆಯಿಂದ ಕೊರಳಿಗೆ ದೂರ ಜಾಸ್ತಿ ಇಲ್ಲ, ಅಲ್ವಾ?

ಪಾಂಪೋನಿಯಸ್ "ಹಳೆಯ" ನಾಣ್ಯ ಅನ್ನುವುದಕ್ಕೂ ಅರ್ಥ ಇದೆ ಅಂತ ನನಗನ್ನಿಸುತ್ತದೆ. ಆಗಸ್ಟಸ್ ಕಾಲದ ಆರಿಯಸ್ ಸುಮಾರು 7.8 ಗ್ರಾಂ ತೂಗುತ್ತಿತ್ತು. ಚಕ್ರವರ್ತಿ ನೀರೋ ಕ್ರಿ.ಶ. 64ರಲ್ಲಿ ಅದನ್ನು 7.3ಕ್ಕೆ ಇಳಿಸಿದ. ಆಮೇಲೆ ಕಾರಕಲ್ಲಾ ಸುಮಾರು 6.5ಕ್ಕೆ ತಂದ. ಹಳೆಯ ನಾಣ್ಯದಲ್ಲಿ ಚಿನ್ನವೂ ಹೆಚ್ಚು, ಒಳ್ಳೆಯ ದೊರೆ ಅಂತ ಜನ ನೆನೆಯುವವನ ಮುಖವೂ ಉಂಟು. ಫ್ರಾನ್ಸಿನ ನೆ-ಓ-ಫೋರ್ಜ್ ಎಂಬ ಊರಿನಲ್ಲಿ 1809ರಲ್ಲಿ ಸಿಕ್ಕ ಕಂಠಹಾರ ಈಗ ಪ್ಯಾರಿಸ್ಸಿನಲ್ಲಿದೆ. ಅದರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಮನೆತನದ ನಾಣ್ಯಗಳ ಜೊತೆಗೆ ಹೇಡ್ರಿಯನ್ನನ ನಾಣ್ಯವನ್ನೂ ಪೋಣಿಸಿದ್ದಾರೆ. ಹೇಡ್ರಿಯನ್ ತೀರಿಕೊಂಡಿದ್ದು 138ರಲ್ಲಿ. ಸೆವೆರಸ್ ಪಟ್ಟಕ್ಕೆ ಬಂದಿದ್ದು 193ರಲ್ಲಿ. ಹಾರ ಕಟ್ಟುವ ಹೊತ್ತಿಗೆ ಆ ನಾಣ್ಯಕ್ಕೆ ಐವತ್ತು ವರ್ಷ ದಾಟಿತ್ತು.

ಇಂಥ ಒಡವೆ ಹೆಚ್ಚಾಗಿದ್ದು 3ನೇ ಶತಮಾನದಲ್ಲಿ. ಅದೇ ಕಾಲಕ್ಕೆ ದಿನಬಳಕೆಯ ಬೆಳ್ಳಿ ನಾಣ್ಯ ಕೆಟ್ಟುಹೋಯಿತು. ಯುದ್ಧದ ಖರ್ಚಿಗೆ ಅರಸರು ಬೆಳ್ಳಿಗೆ ತಾಮ್ರ ಬೆರೆಸುತ್ತಾ ಹೋದರು. 270ರ ಹೊತ್ತಿಗೆ ನೂರರಲ್ಲಿ ಐದು ಭಾಗ ಬೆಳ್ಳಿಯೂ ಉಳಿದಿರಲಿಲ್ಲ. ಚಿನ್ನದ ನಾಣ್ಯದ ತೂಕ ಏರುಪೇರಾದರೂ ಚಿನ್ನ ಮಾತ್ರ ಬೆಳ್ಳಿಯಷ್ಟು ಕೆಡಲಿಲ್ಲ. ಅದನ್ನು ಯಾರು ಕೈಬಿಡುತ್ತಾರೆ?

ತೂತು, ಕೊಂಡಿ, ಚೌಕಟ್ಟು

ನಾಣ್ಯವನ್ನು ಒಡವೆ ಮಾಡುವ ದಾರಿ ಮೂರು. ತೂತು ಕೊರೆಯುವುದು, ಕೊಂಡಿ ಬೆಸೆಯುವುದು, ಚೌಕಟ್ಟಿನಲ್ಲಿ ಕೂರಿಸುವುದು.

ತೂತು ಎಲ್ಲಕ್ಕಿಂತ ಅಗ್ಗ. ಅಕ್ಕಸಾಲಿಯೇ ಬೇಕು ಅಂತಿಲ್ಲ. ರೋಮನ್ ಚಿನ್ನ ಬಹಳ ಶುದ್ಧ, ಅದಕ್ಕೇ ಮೆದು. ಒಂದು ಗಟ್ಟಿ ಮೊಳೆ, ಒಂದು ಸುತ್ತಿಗೆ ಇದ್ದರೆ ಸಾಕು. ಆದರೆ ಓದುವವರಿಗೆ ಈ ತೂತಿನಲ್ಲಿ ಸಿಗುವಷ್ಟು ಸುದ್ದಿ ಇನ್ನೆಲ್ಲೂ ಸಿಗುವುದಿಲ್ಲ.

ಮೊಳೆ ಹೊಡೆದಾಗ ಒಳಗೆ ಹೋದ ಕಡೆ ಅಂಚು ತಗ್ಗುತ್ತದೆ. ಹೊರಗೆ ಬಂದ ಕಡೆ ಲೋಹ ಹರಿದು ಅಂಚು ಉಬ್ಬಿ ನಿಲ್ಲುತ್ತದೆ. ಬೆರಳಾಡಿಸಿದರೆ ತರಚುತ್ತದೆ. ಇದರಿಂದ ಯಾವ ಮುಖದ ಕಡೆಯಿಂದ ಹೊಡೆದರು ಅಂತ ಹೇಳಬಹುದು. ಬೈರಿಗೆಯಿಂದ ಕೊರೆದಿದ್ದರೆ ಈ ಉಬ್ಬು ಬಹಳ ಕಡಿಮೆ, ತೂತೂ ನೀಟಾಗಿರುತ್ತದೆ.

ಇನ್ನು ತೂತು ಎಲ್ಲಿದೆ ಅಂತ ನೋಡಬೇಕು. ಚಕ್ರವರ್ತಿಯ ತಲೆಯ ನೇರ ಮೇಲಿದ್ದರೆ ದಾರ ಹಾಕಿ ತೂಗಿದಾಗ ಮುಖ ನೆಟ್ಟಗೆ ನಿಲ್ಲುತ್ತದೆ. ಹಾಕಿಕೊಂಡವರಿಗೆ ಆ ಮುಖ ಬೇಕಾಗಿತ್ತು ಅಂತ ಅರ್ಥ. ಹಿಂಬದಿಯ ಚಿತ್ರದ ನೆತ್ತಿಗೆ ತೂತು ಇದ್ದು ಮುಖ ಓರೆಯಾಗಿದ್ದರೆ, ಅವರಿಗೆ ಬೇಕಾಗಿದ್ದು ಆ ಚಿತ್ರ. ಎಲ್ಲೋ ಪಕ್ಕಕ್ಕೆ ಹೇಗೆಂದರೆ ಹಾಗೆ ಹೊಡೆದಿದ್ದರೆ ಚಿತ್ರದ ಗೊಡವೆಯೇ ಅವರಿಗೆ ಇರಲಿಲ್ಲ, ಚಿನ್ನ ಇದ್ದರೆ ಸಾಕಾಗಿತ್ತು.

ತೂತು ಗುಂಡಗೇ ಉಳಿದಿದೆಯಾ, ಮೇಲ್ಗಡೆ ಎಳೆದ ಹಾಗೆ ಉದ್ದವಾಗಿದೆಯಾ ಅನ್ನುವುದೂ ಮುಖ್ಯ. ದಾರವೋ ತಂತಿಯೋ ವರ್ಷಗಟ್ಟಲೆ ಉಜ್ಜಿದರೆ ತೂತು ಅಂಚಿನ ಕಡೆಗೆ ಸವೆಯುತ್ತದೆ. ಕೆಲವು ಸಲ ಪೂರ್ತಿ ಸವೆದು ಹರಿದೇ ಹೋಗುತ್ತದೆ. ಆಗ ಪಕ್ಕದಲ್ಲಿ ಇನ್ನೊಂದು ತೂತು ಹೊಡೆಯುತ್ತಾರೆ. ಹರಿದ ಹಳೆಯ ತೂತಿನ ಪಕ್ಕ ಹೊಸ ತೂತು ಕಂಡರೆ ನನಗೆ ಯಾವಾಗಲೂ ಒಂದು ಮನೆ ನೆನಪಾಗುತ್ತದೆ. ಅಮ್ಮನ ಕಾಲಕ್ಕೆ ಹೊಡೆದ ತೂತು ಮಗಳ ಕಾಲಕ್ಕೆ ಹರಿದಿದೆ. ಮಗಳು ನಾಣ್ಯವನ್ನು ಬಿಟ್ಟುಕೊಟ್ಟಿಲ್ಲ.

ಕೊಂಡಿಯ ಕತೆ ಬೇರೆ. ಚಿನ್ನದ ಸಣ್ಣ ಪಟ್ಟಿಯನ್ನು ಬಾಗಿಸಿ ನಾಣ್ಯದ ಅಂಚಿಗೆ ಬೆಸುಗೆ ಹಾಕುತ್ತಾರೆ. ಚಿತ್ರಕ್ಕೆ ಏಟು ಬೀಳುವುದಿಲ್ಲ. ಎಷ್ಟೋ ನಾಣ್ಯಗಳಲ್ಲಿ ಕೊಂಡಿ ಮುರಿದುಹೋಗಿರುತ್ತದೆ, ಬೆಸುಗೆಯ ಗಂಟು ಮಾತ್ರ ಅಂಚಿನಲ್ಲಿ ಉಳಿದಿರುತ್ತದೆ. ಸುಮ್ನೆ ನೋಡಿದರೆ ಕೊಳೆ ಅನ್ನಿಸುವಷ್ಟು ಚಿಕ್ಕದು.

ಚಿನ್ನದ ಜಾಲಂಧ್ರ

ಚೌಕಟ್ಟಿನಲ್ಲಿ ಕೂರಿಸುವುದು ಸಿರಿವಂತರ ದಾರಿ. ಉಂಗುರಕ್ಕೆ ಕಲ್ಲು ಕೂರಿಸುವ ಹಾಗೆ ನಾಣ್ಯದ ಸುತ್ತ ಚಿನ್ನದ ಪಟ್ಟಿ ಕಟ್ಟಿ, ಅದರ ತುದಿಯನ್ನು ನಾಣ್ಯದ ಅಂಚಿನ ಮೇಲೆ ಮಡಚಿ ಒತ್ತುತ್ತಾರೆ. ಸುತ್ತಲಿನ ಅಗಲ ಚೌಕಟ್ಟಿನಲ್ಲಿ ಹಳೇ ದೇವಸ್ಥಾನದ ಜಾಲಂಧ್ರದ ಹಾಗೆ ಬೆಳಕು ತೂರುವ ಕೆಲಸ. ಲ್ಯಾಟಿನ್ನಿನಲ್ಲಿ ಇದಕ್ಕೆ ಓಪಸ್ ಇಂಟರಾಸಿಲೆ ಅನ್ನುತ್ತಾರೆ. ಚಿನ್ನದ ತಗಡಿನ ಮೇಲೆ ಬಳ್ಳಿ, ಎಲೆ ಗೀಚಿಕೊಂಡು, ಬೇಡದ ಜಾಗವನ್ನೆಲ್ಲ ಸಣ್ಣ ಉಳಿಯಿಂದ ಒಂದೊಂದಾಗಿ ಕಡಿದು ತೆಗೆಯಬೇಕು. ಉಳಿ ಒಂದು ಸಲ ಜಾರಿದರೆ ಬಳ್ಳಿ ತುಂಡಾಗುತ್ತದೆ.

ಈ ಕೆಲಸದ ದೊಡ್ಡ ಉದಾಹರಣೆ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಒಂದು ಗುಂಪಿನ ಪದಕಗಳು. ನಡುವೆ ಇರುವುದು ಎರಡು ಸಾಲಿಡಸ್ ತೂಕದ ದೊಡ್ಡ ಚಿನ್ನದ ನಾಣ್ಯ. ಸಾಲಿಡಸ್ ಅಂದರೆ ಆರಿಯಸ್ ಬದಲಿಗೆ ಕಾನ್‌ಸ್ಟಂಟೈನ್ ತಂದ ಹೊಸ ನಾಣ್ಯ, ಸುಮಾರು 4.5 ಗ್ರಾಂ. ಇವುಗಳಲ್ಲಿ ಕೆಲವು ನಾಣ್ಯ 321ರಲ್ಲಿ, ಕೆಲವು 324ರಲ್ಲಿ, ಈಗಿನ ಸರ್ಬಿಯಾದಲ್ಲಿರುವ ಸಿರ್ಮಿಯಂ ಟಂಕಸಾಲೆಯಲ್ಲಿ ಅಚ್ಚಾದವು. 321ರ ನಾಣ್ಯದ ಮುಂಬದಿಯಲ್ಲಿ ಕಿರಣಗಳ ಕಿರೀಟ ತೊಟ್ಟ ಕಾನ್‌ಸ್ಟಂಟೈನ್. ಹಿಂಬದಿಯಲ್ಲಿ ಅವನ ಇಬ್ಬರು ಗಂಡುಮಕ್ಕಳು ಎದುರುಬದುರಾಗಿ. ಚೌಕಟ್ಟಿನ ಜಾಲರಿಯ ನಡುನಡುವೆ ಪುಟ್ಟ ತಲೆಗಳು ತಗಡಿನಿಂದ ಹೊರಗೆ ಇಣುಕುತ್ತವೆ. ಈ ಪದಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್, ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಡಂಬರ್ಟನ್ ಓಕ್ಸ್ ಸಂಗ್ರಹಗಳಿಗೆ ಹಂಚಿಹೋಗಿವೆ. ಒಂದೇ ಕಡೆ ಇಟ್ಟು ನೋಡಬೇಕಾದ ಒಡವೆ ಹೀಗೆ ಚದುರಿಹೋಗಿರುವುದು ಬೇಸರದ ಸಂಗತಿ.

ಚೌಕಟ್ಟಿಗೆ ಒಂದು ಜಾಣ ಉಪಯೋಗವೂ ಇದೆ. ಅದು ನಾಣ್ಯದ ಅಂಚನ್ನು ಕಾಯುತ್ತದೆ. ಅಂಚು ಹೊಸದರಂತಿದ್ದು ನಡುವಿನ ಮೂಗು, ಕೆನ್ನೆ ಮಾತ್ರ ಬಟ್ಟೆಗೆ ಉಜ್ಜಿ ಸವೆದಿರುವ ನಾಣ್ಯ ಸಿಕ್ಕರೆ, ಅದು ಯಾವುದೋ ಕಾಲಕ್ಕೆ ಚೌಕಟ್ಟಿನಲ್ಲಿತ್ತು ಅಂತ ಊಹಿಸಬಹುದು.

ಚಕ್ರವರ್ತಿಯ ಮುಖ ಯಾಕೆ?

ಚಿನ್ನ ಬೇಕಿದ್ದರೆ ಕರಗಿಸಿ ಬಳೆ ಮಾಡಿಸಬಹುದಿತ್ತಲ್ಲ, ಮುಖವನ್ನು ಹಾಗೇ ಉಳಿಸಿಕೊಂಡಿದ್ದು ಯಾಕೆ? ಒಂದು ಕಾರಣ, ಅದು ಅರಮನೆಯಿಂದ ಬಂದ ಉಡುಗೊರೆ. ಪಟ್ಟಾಭಿಷೇಕ, ಗೆಲುವಿನಂಥ ದಿನಗಳಲ್ಲಿ ಚಕ್ರವರ್ತಿಗಳು ಅಧಿಕಾರಿಗಳಿಗೆ, ಸೇನೆಯವರಿಗೆ ಚಿನ್ನದ ನಾಣ್ಯ, ಪದಕ ಹಂಚುತ್ತಿದ್ದರು. ಅದನ್ನು ಕೊರಳಲ್ಲಿ ಹಾಕಿಕೊಂಡವನು "ನಾನು ದೊರೆಗೆ ಬೇಕಾದವನು" ಅಂತ ಬಾಯಿಬಿಟ್ಟು ಹೇಳಬೇಕಿಲ್ಲ.

ಆ ಮುಖಕ್ಕೆ ಭಯಭಕ್ತಿಯೂ ಇತ್ತು. ಆಗಸ್ಟಸ್ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್ ಕಾಲದಲ್ಲಿ ಆಗಸ್ಟಸ್‌ನ ಚಿತ್ರವಿರುವ ನಾಣ್ಯವನ್ನೋ ಉಂಗುರವನ್ನೋ ಪಾಯಿಖಾನೆಗೆ ಒಯ್ದರೂ ಮರಣದಂಡನೆಯ ಅಪರಾಧ ಆಗುತ್ತಿತ್ತು ಅಂತ ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಇನ್ನು ತಾಯಿತದ ನಂಬಿಕೆ. 4ನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ ನಗರದ ಪಾದ್ರಿ ಜಾನ್ ಕ್ರಿಸೊಸ್ಟಮ್ ತನ್ನ ಜನರನ್ನು ಒಂದು ವಿಷಯಕ್ಕೆ ಗದರಿದ್ದ. ಅಲೆಕ್ಸಾಂಡರನ ಕಂಚಿನ ನಾಣ್ಯಗಳನ್ನು ತಲೆಗೂ ಕಾಲಿಗೂ ಕಟ್ಟಿಕೊಳ್ಳುತ್ತೀರಲ್ಲ ಅಂತ. ಅಲೆಕ್ಸಾಂಡರ್ ಸತ್ತು ಆಗಲೇ 700 ವರ್ಷ ಆಗಿತ್ತು. ಕಂಚಿಗೆ ಏನು ಬೆಲೆ? ಹಾಗಾದರೆ ಅವರು ಕಟ್ಟಿಕೊಂಡಿದ್ದು ಲೋಹವನ್ನಲ್ಲ, ಹೆಸರನ್ನು.

ಇಂಗ್ಲೆಂಡಿನ ಹಾಕ್ಸ್‌ನ್ ಊರಿನಲ್ಲಿ 1992ರಲ್ಲಿ ಒಬ್ಬರು ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದರು. ಆಗ ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯಗಳ ನಿಧಿ. ಅದರಲ್ಲಿ ಮೈಮೇಲೆ ಹಾಕಿಕೊಳ್ಳುವ ಒಂದು ಚಿನ್ನದ ಸರಪಳಿಯೂ ಇತ್ತು. ಎರಡು ಹೆಗಲಿಂದ ಇಳಿದು ಎದೆಯ ಮೇಲೆ ಒಂದು ಕಡೆ ಕೂಡುತ್ತದೆ, ಬೆನ್ನ ಮೇಲೆ ಇನ್ನೊಂದು ಕಡೆ. ಒಂದು ಕೂಡುವ ಜಾಗದಲ್ಲಿ ನೇರಳೆ ಬಣ್ಣದ ಅಮೆಥಿಸ್ಟ್ ಕಲ್ಲು ಮತ್ತು ಗಾರ್ನೆಟ್‌ಗಳು. ಇನ್ನೊಂದರಲ್ಲಿ ಚೌಕಟ್ಟಿನೊಳಗೆ ಗ್ರೇಶಿಯನ್ ಚಕ್ರವರ್ತಿಯ ಸಾಲಿಡಸ್. ಅಳತೆ ನೋಡಿದರೆ ತೆಳ್ಳಗಿನ ಹೆಂಗಸೋ ಹುಡುಗಿಯೋ ಹಾಕಿಕೊಂಡಿರಬೇಕು. ಗ್ರೇಶಿಯನ್ ಸತ್ತಿದ್ದು 383ರಲ್ಲಿ, ನಿಧಿಯನ್ನು ಹೂತಿದ್ದು 407 ಕಳೆದ ಮೇಲೆ. ಬ್ರಿಟನ್ನಿನಿಂದ ರೋಮನ್ ಆಡಳಿತ ಕಾಲ್ತೆಗೆಯುತ್ತಿದ್ದ ಹೊತ್ತು ಅದು. ಹೂತವರು ಮರಳಿ ಬರಲಿಲ್ಲ.

ಗಡಿಯಾಚೆ

ರೋಮ್‌ನ ಗಡಿ ದಾಟಿದರೆ ಆ ನಾಣ್ಯ ದುಡ್ಡಾಗಿ ನಡೆಯಲೇಬೇಕು ಅಂತಿಲ್ಲ. ಹಾಗಾಗಿ ಅಲ್ಲಿ ಒಡವೆಯಾಗುವುದು ಇನ್ನೂ ಸುಲಭ. ಡೆನ್ಮಾರ್ಕಿನ ವಿಂಡೆಲೆವ್‌ನಲ್ಲಿ 2020ರ ಕೊನೆಯಲ್ಲಿ ಸಿಕ್ಕ ಚಿನ್ನದ ರಾಶಿಯಲ್ಲಿ ಪದಕ ಮಾಡಿಕೊಂಡ ರೋಮನ್ ನಾಣ್ಯಗಳಿದ್ದವು. ಅವುಗಳ ಜೊತೆ ಬ್ರ್ಯಾಕ್ಟಿಯೇಟ್ ಎಂಬ ಒಡವೆಗಳೂ ಇದ್ದವು. ಬ್ರ್ಯಾಕ್ಟಿಯೇಟ್ ಅಂದರೆ ಎಲೆಯಷ್ಟು ತೆಳುವಾದ, ಒಂದೇ ಕಡೆ ಅಚ್ಚೊತ್ತಿದ ಚಿನ್ನದ ಬಿಲ್ಲೆ. ಮೊದಮೊದಲು ಅವು ರೋಮನ್ ಪದಕಗಳ ನಕಲು. ಓದು ಬಾರದ ಅಕ್ಕಸಾಲಿ ಲ್ಯಾಟಿನ್ ಅಕ್ಷರಗಳನ್ನು ಗೆರೆಗಳ ಹಾಗೆ ಬಿಡಿಸಿದ. ಬರುಬರುತ್ತಾ ಚಕ್ರವರ್ತಿಯ ತಲೆ ಸ್ಥಳೀಯ ದೇವರ ತಲೆಯಾಯಿತು, ಕೆಳಗೆ ಕುದುರೆ ಬಂತು. ವಿಂಡೆಲೆವ್‌ನ ಒಂದು ಬಿಲ್ಲೆಯಲ್ಲಿ ಓಡಿನ್ ದೇವರ ಹೆಸರು ಬರೆದಿದೆ ಅಂತ ಪಂಡಿತರು 2023ರಲ್ಲಿ ಓದಿ ತಿಳಿಸಿದರು. ಆ ಹೆಸರು ಬರಹದಲ್ಲಿ ಸಿಕ್ಕ ಅತಿ ಹಳೆಯ ದಾಖಲೆ ಅದು.

ದಕ್ಷಿಣ ಭಾರತದಲ್ಲೂ ಹೆಚ್ಚುಕಮ್ಮಿ ಇದೇ ನಡೆದಿದೆ. ಮೆಣಸು, ಮುತ್ತು, ನವಿರು ಬಟ್ಟೆಗೆ ಬದಲಾಗಿ ರೋಮನ್ ಚಿನ್ನ, ಬೆಳ್ಳಿ ಇಲ್ಲಿಗೆ ಹರಿದು ಬಂತು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ 1ನೇ ಶತಮಾನದಲ್ಲಿ ಗೊಣಗಿದ್ದ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ದಿನಾರಿಯಸ್. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ 501 ಆರಿಯಸ್ ಸಿಕ್ಕವು. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಗೀರಿದ ಗಾಯ. ಇನ್ನು ಇದು ದುಡ್ಡಲ್ಲ, ಬರೀ ಚಿನ್ನ ಅಂತ ಯಾರೋ ಗುರುತು ಹಾಕಿದ ಹಾಗೆ ಕಾಣುತ್ತದೆ. ನಾಗಾರ್ಜುನಕೊಂಡದಲ್ಲಿ ಕೊಂಡಿ ಇರುವ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿವೆ. ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರದಲ್ಲಿ ರೋಮನ್ ನಾಣ್ಯದ ಅಚ್ಚೊತ್ತಿ ಸುಟ್ಟ ಮಣ್ಣಿನ ಬಿಲ್ಲೆಗಳು ಸಿಕ್ಕಿವೆ. ಅವೂ ತೂಗಿಕೊಳ್ಳುವುದಕ್ಕೇ ಮಾಡಿದವು. ಚಿನ್ನ ಕೊಳ್ಳಲಾಗದವರು ಮಣ್ಣಿನಲ್ಲಾದರೂ ಆ ಮುಖವನ್ನು ಕೊರಳಿಗೆ ತಂದುಕೊಂಡರು.

ನಮ್ಮ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ದಿನಾರಿಯಸ್ ಸಿಕ್ಕಿರುವುದು ಹಲವರಿಗೆ ಗೊತ್ತು. ಆದರೆ ಒಡವೆಯ ಮಾತಿಗೆ ಬಂದರೆ ನೋಡಬೇಕಾದ್ದು ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿ. ಅಲ್ಲಿ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಸಿಕ್ಕವು. 2ನೇ ಥಿಯೊಡೋಸಿಯಸ್‌ನಿಂದ ಹಿಡಿದು 1ನೇ ಜಸ್ಟಿನ್‌ವರೆಗೆ, 5 ಮತ್ತು 6ನೇ ಶತಮಾನದ ಚಕ್ರವರ್ತಿಗಳು ಅವುಗಳಲ್ಲಿದ್ದಾರೆ. ಆ ಕಡೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವರ ಆಳ್ವಿಕೆ, ಈ ಕಡೆ ಬನವಾಸಿಯಲ್ಲಿ ಕದಂಬರದ್ದು.

ಆ ಕಾಲದ ಸಾಲಿಡಸ್ ಮೇಲೆ ಚಕ್ರವರ್ತಿ ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಈಟಿ ಇಟ್ಟುಕೊಂಡು ನಮ್ಮ ಕಡೆಗೆ ನೋಡುತ್ತಾನೆ. ದಕ್ಷಿಣ ಭಾರತದ ಇಂಥ ಎಷ್ಟೋ ನಾಣ್ಯಗಳಲ್ಲಿ ಅವನ ತಲೆಯ ಮೇಲೆ ಒಂದಲ್ಲ, ಅಕ್ಕಪಕ್ಕ ಎರಡು ತೂತು. ಯಾಕೆ ಎರಡು? ಒಂದು ಬಿಲ್ಲೆಗೆ ಒಂದೇ ತೂತು ಮಾಡಿ ದಾರ ಹಾಕಿ ತೂಗಿ ನೋಡಿ. ಅದು ಪಕ್ಕಕ್ಕೆ ತಿರುಗುತ್ತದೆ, ಸುತ್ತುತ್ತದೆ. ಎರಡು ತೂತು ಮಾಡಿ, ಒಂದರಲ್ಲಿ ದಾರ ಹಾಕಿ ಇನ್ನೊಂದರಲ್ಲಿ ತೆಗೆಯಿರಿ. ಈಗ ಅದು ಎದೆಗೆ ಒತ್ತಿಕೊಂಡು ಚಪ್ಪಟೆಯಾಗಿ ಕೂರುತ್ತದೆ. ಮುಖ ಯಾವಾಗಲೂ ಎದುರಿಗೆ. ಹೊಡೆದವರಿಗೆ ಆ ಚಕ್ರವರ್ತಿಯ ಹೆಸರು ಗೊತ್ತಿತ್ತೋ ಇಲ್ಲವೋ, ಅವನ ಮುಖ ನೆಟ್ಟಗಿರಬೇಕು ಅನ್ನುವುದಂತೂ ಗಟ್ಟಿಯಾಗಿ ಗೊತ್ತಿತ್ತು.

ನಮಗೆ ಕಾಸಿನ ಸರ ಹೊಸದಲ್ಲ. ಇವತ್ತಿನ ಕಾಸಿನ ಸರದ ಲಕ್ಷ್ಮಿ ಕಾಸು ಹುಟ್ಟಿದ್ದೇ ಒಡವೆಯಾಗಿ, ಅದು ಯಾವತ್ತೂ ಅಂಗಡಿಯಲ್ಲಿ ನಡೆದ ದುಡ್ಡಲ್ಲ. ಉತ್ತರ ಕರ್ನಾಟಕದ ಪುತಳಿ ಸರದ ಬೇರು ಮಾತ್ರ ವೆನಿಸ್ಸಿನ ನಿಜವಾದ ಡುಕಾಟ್ ನಾಣ್ಯದಲ್ಲಿದೆ. ಉಲ್ಟಾ ಪ್ರಯಾಣವೂ ಉಂಟು. ನಿಷ್ಕ ಅಂದರೆ ಋಗ್ವೇದದಲ್ಲಿ ಕೊರಳಿನ ಒಡವೆ, ಆಮೇಲೆ ಅದೇ ಹೆಸರು ಚಿನ್ನದ ನಾಣ್ಯಕ್ಕೆ ಬಂತು.

ಕಾನೂನಿಗೆ ವಾಪಸ್

ಪಾಂಪೋನಿಯಸ್ ಎತ್ತಿದ ಪ್ರಶ್ನೆ ಇನ್ನೂ ಸತ್ತಿಲ್ಲ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಒಂದೇ ಒಂದು ಚಿನ್ನದ ನಾಣ್ಯ ಸಿಕ್ಕರೆ ಅದು ಸಾಮಾನ್ಯವಾಗಿ ನಿಧಿ ಅಲ್ಲ. ಅದೇ ನಾಣ್ಯಕ್ಕೆ ಕೊಂಡಿ ಇದ್ದರೆ, ತೂತು ಕೊರೆದು ಪದಕ ಮಾಡಿದ್ದರೆ, ಅದನ್ನು ಒಡವೆ ಅಂತ ಲೆಕ್ಕ ಹಿಡಿಯುತ್ತಾರೆ. ಮುನ್ನೂರು ವರ್ಷಕ್ಕಿಂತ ಹಳೆಯದಾದರೆ ಒಂದೇ ಇದ್ದರೂ ನಿಧಿ. ಎರಡನೇ ಶತಮಾನದ ಪಂಡಿತ ಎಳೆದ ಗೆರೆಯ ಹತ್ತಿರಕ್ಕೇ ಇವರೂ ಬಂದು ನಿಂತಿದ್ದಾರೆ.

ಮಾರುಕಟ್ಟೆ ಮಾತ್ರ ಬೇರೆ ಹಾದಿ ಹಿಡಿದಿದೆ. ನಾಣ್ಯ ಸಂಗ್ರಹಿಸುವವರಿಗೆ ತೂತು ಅಂದರೆ ಕುಂದು, ಬೆಲೆ ಇಳಿಯುತ್ತದೆ. ಅದಕ್ಕೆ ಕೆಲವರು ಚಿನ್ನ ತುಂಬಿಸಿ ತೂತು ಮುಚ್ಚಿ, ಮೇಲೆ ಅಕ್ಷರ ಕೆತ್ತಿ ಮಾರುತ್ತಾರೆ. ಕೊಂಡಿಯ ಗಂಟನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದೇ ಅಚ್ಚಿನಲ್ಲಿ ಸಾವಿರಾರು ನಾಣ್ಯ ಬಂದಿರಬಹುದು. ಈ ತೂತನ್ನು ಹೊಡೆದ ಕೈ ಒಂದೇ, ಹಾಕಿಕೊಂಡ ಕೊರಳು ಒಂದೇ. ಮುಚ್ಚಿದರೆ ಅಳಿಸಿಹೋಗುವುದು ಅವರ ಗುರುತು.

ನಮ್ಮ ಹಳ್ಳಿಗಳಲ್ಲಿ ಪಾಯ ತೋಡುವಾಗ, ಹೊಲ ಉಳುವಾಗ ಈಗಲೂ ನಾಣ್ಯ ಸಿಗುತ್ತವೆ. ಭಾರತದಲ್ಲಿ ಇದಕ್ಕೆ 1878ರಲ್ಲೇ ಕಾಯ್ದೆ ಬಂದಿದೆ. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಅನ್ನುತ್ತದೆ ಅದು. ತಿಳಿಸುವ ತನಕ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ತೂಕ ನೋಡಲೆಂದು ಅಂಗಡಿಗೂ ಒಯ್ಯಬೇಡಿ. ಬೆಳಕಿಗೆ ಹಿಡಿದು ಎರಡೂ ಮುಖದ ಫೋಟೋ ತೆಗೆಯಿರಿ. ಎಲ್ಲಿ, ಎಷ್ಟು ಆಳದಲ್ಲಿ, ಏನೇನರ ಜೊತೆ ಸಿಕ್ಕಿತು ಅಂತ ಬರೆದಿಡಿ. ತೂತು ಇದ್ದರೆ ಎಷ್ಟಿವೆ, ಯಾರ ತಲೆಯ ಮೇಲಿವೆ ಅಂತಲೂ ಬರೆಯಿರಿ.